ಕ್ಯಾಸೆಟ್ಟುಗಳಲ್ಲಿ ಉಳಿದ ಮೊಗದಿಶು

ಸೊಮಾಲಿಯಾ ಎಂದೊಡನೆ ನಮಗೆ ನೆನಪಾಗುವುದು ಮೂರೇ ಸಂಗತಿಗಳು: ಬರಗಾಲ, ಅಂತರ್ಯುದ್ಧ ಮತ್ತು ಕಡಲ್ಗಳ್ಳರು. ಪತ್ರಿಕೆಗಳು ನಮಗೆ ಕಲಿಸಿಕೊಟ್ಟದ್ದು ಅಷ್ಟೇ. ಆದರೆ 1980ರ ದಶಕದಲ್ಲಿ ಮೊಗದಿಶು ನಗರದಲ್ಲಿ ಯೌವನ ಕಳೆದು, ಈಗ ಲಂಡನ್, ನೈರೋಬಿ, ಮಿನಿಯಾಪೊಲಿಸ್‌ಗಳಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿರುವ ಸೊಮಾಲಿಗಳ ಮುಂದೆ ‘ದುರ್-ದುರ್’ ಎಂಬ ಹೆಸರೆತ್ತಿದರೆ ಮಾತಿನ ದಿಕ್ಕೇ ಬದಲಾಗುತ್ತದೆ. ಲೀಡೊ ಕಡಲತೀರ, ಹೋಟೆಲಿನ ಅಂಗಳದಲ್ಲಿ ತಡರಾತ್ರಿಯವರೆಗೆ ನಡೆಯುತ್ತಿದ್ದ ಹಾಡು, ಗುಂಗುರು ಕೂದಲನ್ನು ದುಂಡಗೆ ಬೆಳೆಸಿದ ಹುಡುಗರು, ಕಾಲಿನ ತುದಿಯಲ್ಲಿ ಅಗಲವಾದ ಪ್ಯಾಂಟುಗಳು, ಮದುವೆ ಮನೆಯ ಸ್ಪೀಕರು ಎಲ್ಲವೂ ಒಟ್ಟಿಗೇ ಬರುತ್ತವೆ. ದುರ್-ದುರ್ ಎಂದರೆ ಸೊಮಾಲಿ ಭಾಷೆಯಲ್ಲಿ ನೀರಿನ ಚಿಲುಮೆ. ಅದು ಆ ನಗರದ ಒಂದು ವಾದ್ಯತಂಡದ ಹೆಸರು.

ಗಿಟಾರ್, ಡ್ರಮ್ಸ್, ಕೀಬೋರ್ಡ್, ಸ್ಯಾಕ್ಸೊಫೋನ್, ಕಹಳೆ. ವಾದ್ಯಗಳೆಲ್ಲ ಪಾಶ್ಚಾತ್ಯ. ಅಮೆರಿಕದ ಕರಿಯರ ಫಂಕ್, ಜಮೈಕಾದ ರೆಗ್ಗೆ, ಡಿಸ್ಕೊ ಎಲ್ಲವನ್ನೂ ಆ ಹುಡುಗರು ಕೇಳಿ ಅರಗಿಸಿಕೊಂಡಿದ್ದರು. ಆದರೆ ಹಾಡು ಮಾತ್ರ ಅಪ್ಪಟ ಸೊಮಾಲಿ. ನಮ್ಮ ಮೋಹನ, ಹಿಂದೋಳ ರಾಗಗಳಂತೆ ಸೊಮಾಲಿ ಸಂಗೀತಕ್ಕೂ ಐದೇ ಸ್ವರ. ಅವರ ಜನಪದದಲ್ಲಿ ‘ಧಾಂತೊ’ ಎಂಬೊಂದು ಕುಣಿತದ ತಾಳವಿದೆ. ಅದನ್ನು ಕೇಳಿದವರು ರೆಗ್ಗೆಯೆಂದೇ ತಿಳಿಯಬೇಕು, ಅಷ್ಟು ಹತ್ತಿರ. ಹಾಗಾಗಿ ಈ ಬೆರಕೆ ಯಾರ ಕಿವಿಗೂ ಪರಕೀಯವೆನಿಸಲಿಲ್ಲ. ತಂಡ ಕಟ್ಟಿದವರು ಕೀಬೋರ್ಡ್ ನುಡಿಸುತ್ತಿದ್ದ ಈಸಾ ದಾಹಿರ್. ಸಹ್ರಾ ದಾವೊ, ಅಬ್ದಿನೂರ್ ಆದನ್ ದಲ್ಜೀರ್ ಮೊದಲಾದವರು ಗಾಯಕರು. ಮೊಗದಿಶುವಿನ ದೊಡ್ಡ ತಂಡಗಳಲ್ಲಿ ಹಲವು ಸರಕಾರದ ಆಶ್ರಯದಲ್ಲಿದ್ದವು. ‘ವಾಬೆರಿ’ ರಾಷ್ಟ್ರೀಯ ತಂಡ, ‘ಇಫ್ತಿನ್’ ಶಿಕ್ಷಣ ಇಲಾಖೆಯ ತಂಡ. ದುರ್-ದುರ್ ಖಾಸಗಿ ತಂಡ. ಹೋಟೆಲುಗಳಲ್ಲಿ ನುಡಿಸಿ ಹೊಟ್ಟೆ ಹೊರೆಯುತ್ತಿತ್ತು. ಸುಮಾರು ಹತ್ತು ಹನ್ನೆರಡು ಕ್ಯಾಸೆಟ್‌ಗಳಷ್ಟು ಹಾಡುಗಳನ್ನು ಅದು ಹೊರತಂದಿತು. 1987ರಲ್ಲಿ ಬಂದ ಐದನೆಯ ಸಂಪುಟ ಅವುಗಳಲ್ಲಿ ಹೆಚ್ಚು ಹೆಸರಾದದ್ದು.

ಈಗ ಒಂದು ಪ್ರಶ್ನೆ. 1991ರ ಜನವರಿಯಲ್ಲಿ ಸರಕಾರ ಕುಸಿಯಿತು. ನಗರ ಚಿಂದಿಯಾಯಿತು. ಸಂಗೀತಗಾರರು ಇಥಿಯೋಪಿಯ, ಕೀನ್ಯಾ, ಯುರೋಪ್, ಅಮೆರಿಕ ಎಂದು ಚದುರಿಹೋದರು. ಚೀನಾದವರು ಕಟ್ಟಿಕೊಟ್ಟ, 1967ರಲ್ಲಿ ಆರಂಭವಾದ ರಾಷ್ಟ್ರೀಯ ರಂಗಮಂದಿರ ಮುಚ್ಚಿಹೋಯಿತು. ಹಾಗಿದ್ದೂ ಈ ಹಾಡುಗಳು ಉಳಿದದ್ದು ಹೇಗೆ?

ಉತ್ತರ ಸರಳ. ಅವನ್ನು ಉಳಿಸಿದ್ದು ಕೇಳುಗರು.

ಸೊಮಾಲಿಯಾದಲ್ಲಿ ಗ್ರಾಮಫೋನ್ ತಟ್ಟೆಗಳ ಉದ್ಯಮವೆಂಬುದು ಬೆಳೆಯಲೇ ಇಲ್ಲ. ಹಾಡು ಕೇಳಬೇಕೆಂದರೆ ರೇಡಿಯೋ, ಇಲ್ಲವೇ ಕ್ಯಾಸೆಟ್ ಅಂಗಡಿ. ಮೊಗದಿಶುವಿನಲ್ಲಿ ಇಂತಹ ಅಂಗಡಿಗಳಲ್ಲಿ ಎರಡು ಬಹಳ ಹೆಸರುವಾಸಿ: ಒಂದು ಇಫ್ತಿನ್‌ಫೋನ್, ಇನ್ನೊಂದು ಶಂಕರ್‌ಫೋನ್. (ಎರಡನೆಯ ಹೆಸರು ಕನ್ನಡಿಗರ ಕಿವಿಗೆ ಕುತೂಹಲ ಹುಟ್ಟಿಸದೇ ಇರದು. ಹಿಂದಿ ಸಿನಿಮಾ ಹಾಡುಗಳೆಂದರೆ ಮೊಗದಿಶುವಿನ ಜನ ಮುಗಿಬೀಳುತ್ತಿದ್ದರು, ಅಲ್ಲಿನ ಚಿತ್ರಮಂದಿರಗಳಲ್ಲಿ ಭಾರತದ ಚಿತ್ರಗಳು ಸದಾ ಓಡುತ್ತಿದ್ದವು ಎಂಬುದನ್ನಷ್ಟೇ ಇಲ್ಲಿ ಹೇಳಬಹುದು.) ಅಂಗಡಿಯವರ ಬಳಿ ಮೂಲ ಪ್ರತಿ ಇರುತ್ತಿತ್ತು. ಕೇಳಿದವರಿಗೆ ಖಾಲಿ ಕ್ಯಾಸೆಟ್ಟಿಗೆ ನಕಲು ಮಾಡಿಕೊಡುತ್ತಿದ್ದರು. ಆ ನಕಲಿನಿಂದ ಗೆಳೆಯನಿಗೊಂದು, ಅವನಿಂದ ಅವನ ಚಿಕ್ಕಪ್ಪನ ಮಗನಿಗೊಂದು. ಹಕ್ಕುಸ್ವಾಮ್ಯದ ಕಾನೂನು ಹೇಳುವವರು ಇದನ್ನು ಕಳ್ಳತನವೆಂದಾರು. ಆದರೆ ಈ ನಕಲುಗಳೇ ಇಲ್ಲದಿದ್ದರೆ ಇಂದು ದುರ್-ದುರ್ ಎಂಬುದು ಬರಿಯ ಹೆಸರಾಗಿರುತ್ತಿತ್ತು.

ಕ್ಯಾಸೆಟ್ ಆ ಸಮಾಜಕ್ಕೆ ಬರಿಯ ಮನರಂಜನೆಯ ವಸ್ತುವಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಸೊಮಾಲಿ ಭಾಷೆಗೆ ಅಧಿಕೃತ ಲಿಪಿ ಸಿಕ್ಕಿದ್ದೇ 1972ರಲ್ಲಿ. ಅದಕ್ಕೆ ಮೊದಲು, ಅನಂತರವೂ, ಕಾವ್ಯವೆಲ್ಲ ಬಾಯಿಂದ ಬಾಯಿಗೆ. ಯಾವ ಕವಿ ಯಾವ ಕುಲದ ಬಗ್ಗೆ ಏನು ಹಾಡಿದ ಎಂಬುದನ್ನು ಅಕ್ಷರ ಬಾರದ ಒಂಟೆ ಕಾಯುವವನೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ಕ್ಯಾಸೆಟ್ ಬಂದದ್ದು ಈ ಬಾಯಿಪಾಠದ ಪರಂಪರೆಗೆ ರೆಕ್ಕೆ ಬಂದಂತಾಯಿತು. 1979ರಲ್ಲಿ ಕವಿ ಗಾರ್ರಿಯೆ ಕುಲಪಕ್ಷಪಾತವನ್ನು ಟೀಕಿಸಿ ಒಂದು ಕವಿತೆ ರಚಿಸಿದಾಗ ಅದಕ್ಕೆ ಉತ್ತರವಾಗಿ, ಉತ್ತರಕ್ಕೆ ಪ್ರತ್ಯುತ್ತರವಾಗಿ ಹತ್ತಾರು ಕವಿಗಳು ಹಾಡಿದರು. ‘ದೇಲ್ಲೆ’ ಎಂದು ಹೆಸರಾದ ಈ ಕಾವ್ಯ ಸರಪಳಿ ಊರಿಂದೂರಿಗೆ ಹರಿದದ್ದು ಕ್ಯಾಸೆಟ್ಟಿನಲ್ಲಿ. ಆಗಿನ ಸರ್ವಾಧಿಕಾರಿ ಸಿಯಾದ್ ಬರ್ರೆಯ ಆಡಳಿತ ರೇಡಿಯೋವನ್ನು ಹಿಡಿತದಲ್ಲಿಟ್ಟುಕೊಂಡಿತ್ತು, ಪತ್ರಿಕೆಗಳನ್ನೂ. ಆದರೆ ಜೇಬಿನಲ್ಲಿ ಹಿಡಿಸುವ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ತಡೆಯಲು ಅದರಿಂದಾಗಲಿಲ್ಲ. ದೂರದೇಶಕ್ಕೆ ಹೋದವರು ಪತ್ರದ ಬದಲು ಮಾತನ್ನೇ ಧ್ವನಿಮುದ್ರಿಸಿ ಕಳಿಸುತ್ತಿದ್ದುದೂ ಇದೇ ಕ್ಯಾಸೆಟ್ಟಿನಲ್ಲಿ. ನಮ್ಮ ಕರಾವಳಿಯ ಗಲ್ಫ್ ಮನೆಗಳಲ್ಲಿ ಆ ಕಾಲ ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಯುದ್ಧ ಬಂದಾಗ ಓಡಿದವರು ಏನೇನು ಹೊತ್ತೊಯ್ದರು? ಮಕ್ಕಳು, ಒಂದಿಷ್ಟು ಚಿನ್ನ, ಬಟ್ಟೆ. ಕೆಲವರ ಗಂಟಿನಲ್ಲಿ ಕ್ಯಾಸೆಟ್ಟುಗಳೂ ಇದ್ದವು. ಕೀನ್ಯಾದ ದಾದಾಬ್ ಶಿಬಿರ, ಜಿಬೂತಿ, ಆ ಮೇಲೆ ಯುರೋಪು, ಅಮೆರಿಕ. ನಕಲಿನ ನಕಲಾದಂತೆಲ್ಲ ಧ್ವನಿಯ ತೀಕ್ಷ್ಣತೆ ಸವೆಯುತ್ತದೆ, ‘ಸ್’ ಎಂಬ ಗಾಳಿಸದ್ದು ಹೆಚ್ಚುತ್ತದೆ, ಬೇರೆ ಬೇರೆ ಯಂತ್ರಗಳ ವೇಗ ಬೇರೆಯಾದ್ದರಿಂದ ಹಾಡು ಏರಿಯೋ ಇಳಿದೋ ಕೇಳುತ್ತದೆ. 2013ರಲ್ಲಿ ಅಮೆರಿಕದ ಒಂದು ಪುಟ್ಟ ಸಂಸ್ಥೆ ದುರ್-ದುರ್‌ನ ಐದನೆಯ ಸಂಪುಟವನ್ನು ಮರುಮುದ್ರಿಸಿದಾಗ ಆ ಗಾಳಿಸದ್ದು ಪೂರ್ತಿ ಹೋಗಿರಲಿಲ್ಲ. ಹೊಸ ಕೇಳುಗರಿಗೆ ಅದು ದೋಷ. ಹಳೆಯ ಅಭಿಮಾನಿಗಳಿಗೆ ಹಾಡಿನ ಜೊತೆ ಅದೂ ಸೇರಿಯೇ ನೆನಪು. 2016ರಲ್ಲಿ ಜರ್ಮನಿಯ ‘ಅನಲಾಗ್ ಆಫ್ರಿಕಾ’ ಸಂಸ್ಥೆಯವರು ಬಾಂಬು ಸಿಡಿಯುತ್ತಿದ್ದ ಮೊಗದಿಶುವಿಗೇ ಹೋಗಿ ಹುಡುಕಾಡಿ, 2018ರಲ್ಲಿ ಮೊದಲೆರಡು ಸಂಪುಟಗಳನ್ನು ಹೊರತಂದರು. ಅದಕ್ಕೊಂದು ವರ್ಷ ಮೊದಲು ವಿಕ್ ಸೋಹೊನಿ (ಅಡ್ಡಹೆಸರು ಮರಾಠಿಯದು) ನಡೆಸುವ ‘ಒಸ್ಟಿನಾಟೊ’ ಸಂಸ್ಥೆಯ ಸೊಮಾಲಿ ಹಾಡುಗಳ ಸಂಕಲನ ಗ್ರ್ಯಾಮಿ ಪ್ರಶಸ್ತಿಯ ಅಂತಿಮ ಪಟ್ಟಿಗೂ ಏರಿತು.

ಇಷ್ಟು ಹೇಳಿ ನಿಲ್ಲಿಸಿದರೆ ಇದೊಂದು ಸುಂದರ ಕಥೆ. ಆದರೆ ಹಳೆಯ ನೆನಪು ಹೇಳುವಷ್ಟನ್ನೇ ಮುಚ್ಚಿಡುತ್ತದೆ ಕೂಡ. ಮೊಗದಿಶುವಿನವರು ‘ಆ ಚಿನ್ನದ ಕಾಲ’ ಎಂದು ನಿಟ್ಟುಸಿರು ಬಿಡುವ 1988ರಲ್ಲೇ ಅದೇ ದೇಶದ ಉತ್ತರದ ನಗರ ಹರ್ಗೇಸಾದ ಮೇಲೆ ಅದೇ ದೇಶದ ವಾಯುಪಡೆ ಬಾಂಬು ಸುರಿಸಿತು. ವಿಮಾನಗಳು ಏರಿದ್ದು ಹರ್ಗೇಸಾದ ವಿಮಾನ ನಿಲ್ದಾಣದಿಂದಲೇ! ಬಂಡುಕೋರರನ್ನು ಹತ್ತಿಕ್ಕುವ ಹೆಸರಿನಲ್ಲಿ ನಗರ ನೆಲಸಮವಾಯಿತು, ಹತ್ತಾರು ಸಾವಿರ ಜನ ಸತ್ತರು, ಲಕ್ಷಾಂತರ ಮಂದಿ ಇಥಿಯೋಪಿಯದ ಗಡಿ ದಾಟಿದರು. ಆಗ ಬಿದ್ದ ಒಂದು ಮಿಗ್ ವಿಮಾನವನ್ನು ಹರ್ಗೇಸಾದ ಜನ ನಡುಪೇಟೆಯಲ್ಲಿ ಸ್ಮಾರಕವಾಗಿ ನಿಲ್ಲಿಸಿದ್ದಾರೆ. ಆ ಊರಿನವರಿಗೆ 1980ರ ದಶಕದ ಮೊಗದಿಶು ಎಂದರೆ ಹೋಟೆಲಿನ ಸಂಗೀತವಲ್ಲ. ತಮ್ಮ ಮೇಲೆ ಬಾಂಬು ಹಾಕಲು ಆಜ್ಞೆ ಹೊರಟ ರಾಜಧಾನಿ.

ಆದರೂ ಹಾಡನ್ನು ಕಾಪಾಡಿದವರಲ್ಲಿ ಅವರದ್ದೂ ದೊಡ್ಡ ಪಾಲು. ರೇಡಿಯೋ ಹರ್ಗೇಸಾದ ಸಿಬ್ಬಂದಿ ದಾಳಿಯ ಭಯದಿಂದ ತಮ್ಮಲ್ಲಿದ್ದ ಧ್ವನಿಮುದ್ರಿಕೆಗಳನ್ನು ನೆಲದಡಿ ಹೂತಿಟ್ಟರು. ಕೆಲವನ್ನು ಗಡಿಯಾಚೆ ಸಾಗಿಸಿದರು. ಅನಂತರ ಅವನ್ನು ಅಗೆದು ತೆಗೆದರು. ಇಂದು ಹರ್ಗೇಸಾ ಸಾಂಸ್ಕೃತಿಕ ಕೇಂದ್ರದಲ್ಲಿ 10,000ಕ್ಕೂ ಹೆಚ್ಚು ಕ್ಯಾಸೆಟ್ಟುಗಳಿವೆ. ಹಾಡು, ನಾಟಕ, ಕವಿತೆ, ಭಾಷಣ ಎಲ್ಲವೂ ಇವೆ, ಮೊಗದಿಶುವಿನ ತಂಡಗಳದ್ದೂ ಸೇರಿ. 1991ರಲ್ಲಿ ಪ್ರತ್ಯೇಕ ಸೊಮಾಲಿಲ್ಯಾಂಡ್ ಘೋಷಿಸಿಕೊಂಡ ಜನ ರಾಜಧಾನಿಯೊಂದಿಗೆ ಸಂಬಂಧ ಕಡಿದುಕೊಂಡರು, ಅಲ್ಲಿನ ಹಾಡನ್ನು ಮಾತ್ರ ಎಸೆಯಲಿಲ್ಲ.

ಸಂಗೀತಗಾರರನ್ನು ಆಡಳಿತದ ಬಾಲಬಡುಕರೆಂದು ಜರೆಯುವುದೂ ನ್ಯಾಯವಲ್ಲ. ಅವರಲ್ಲಿ ಬೆಲೆ ತೆತ್ತವರಿದ್ದಾರೆ. ಗಾಯಕಿ ಮರ್ಯಮ್ ಮುರ್ಸಲ್ ಆಡಳಿತವನ್ನು ಟೀಕಿಸಿ ಹಾಡಿದ್ದಕ್ಕೆ ವೇದಿಕೆ ಕಳೆದುಕೊಂಡು ಟ್ಯಾಕ್ಸಿ ಓಡಿಸಿದರು. ಯುದ್ಧ ಬಂದಾಗ ಐದು ಮಕ್ಕಳನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ಅಲೆದು ಜಿಬೂತಿ ಸೇರಿದರು. ಜನ ಹಸಿದಿರುವಾಗ ದೊರೆಗಳು ಲ್ಯಾಂಡ್ ಕ್ರೂಸರ್ ಕಾರು ಓಡಿಸುವುದನ್ನು ಹಾಡಿನಲ್ಲಿ ಛೇಡಿಸಿದ ಸಾದೊ ಅಲಿ ವರ್ಸಮೆ ಮುಂದೆ ಸಂಸತ್ ಸದಸ್ಯೆಯಾದರು. 2014ರ ಜುಲೈಯಲ್ಲಿ ಮೊಗದಿಶುವಿನ ಬೀದಿಯಲ್ಲಿ ಅಲ್-ಶಬಾಬ್ ಬಂದೂಕುಧಾರಿಗಳು ಆಕೆಯನ್ನು ಗುಂಡಿಕ್ಕಿ ಕೊಂದರು.

ಇಲ್ಲಿ ನಮ್ಮ ಓದುಗರ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ಸಂಗೀತದ ಬಗ್ಗೆ ಉಲೆಮಾಗಳಲ್ಲಿ ಭಿನ್ನಾಭಿಪ್ರಾಯ ಇಂದು ನಿನ್ನೆಯದಲ್ಲ. ಇಮಾಮ್ ಗಝ್ಝಾಲಿಯವರು ‘ಇಹ್ಯಾ’ದಲ್ಲಿ ಅದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟು ಯಾವಾಗ ಸಲ್ಲುತ್ತದೆ, ಯಾವಾಗ ಸಲ್ಲದು ಎಂದು ಚರ್ಚಿಸಿದ್ದಾರೆ, ಇಬ್ನ್ ತೈಮಿಯ್ಯಾ ಕಟುವಾಗಿ ವಿರೋಧಿಸಿದ್ದಾರೆ. ಹಾಡು ಬಿಟ್ಟು ಧಾರ್ಮಿಕ ಜೀವನಕ್ಕೆ ಹೊರಳಿದ ಸೊಮಾಲಿ ಕಲಾವಿದರೂ ಇದ್ದಾರೆ. ಅದು ಅವರ ಆಯ್ಕೆ, ಗೌರವಿಸಬೇಕಾದದ್ದು. ಆದರೆ 2010ರ ಏಪ್ರಿಲಿನಲ್ಲಿ ಮೊಗದಿಶುವಿನಲ್ಲಿ ನಡೆದದ್ದು ಬೇರೆ. ಹಿಝ್ಬುಲ್ ಇಸ್ಲಾಂ ಎಂಬ ಸಶಸ್ತ್ರ ಗುಂಪು ರೇಡಿಯೋ ಕೇಂದ್ರಗಳಿಗೆ ಹತ್ತು ದಿನಗಳ ಗಡುವು ಕೊಟ್ಟು ಸಂಗೀತ ನಿಲ್ಲಿಸಲು ಆಜ್ಞಾಪಿಸಿತು. ಜೀವಭಯದಿಂದ ಹೆಚ್ಚಿನ ಕೇಂದ್ರಗಳು ನಿಲ್ಲಿಸಿದವು. ಕಾರ್ಯಕ್ರಮಗಳ ನಡುವೆ ಹಾಡಿನ ತುಣುಕಿನ ಬದಲು ಗುಂಡಿನ ಸದ್ದು, ಪ್ರಾಣಿಗಳ ಕೂಗು, ಅಲೆಗಳ ಮೊರೆತ ಪ್ರಸಾರವಾಯಿತು. ಗುಂಡಿನ ಸದ್ದು ಹಲಾಲ್, ಗಿಟಾರಿನ ಸದ್ದು ಹರಾಮ್! ಇದನ್ನು ಫಿಕ್‌ಹ್‌ನ ಯಾವ ಗ್ರಂಥದಲ್ಲಿ ಹುಡುಕೋಣ?

ಆ ದ್ವೇಷಕ್ಕೆ ಒಂದು ಹಿನ್ನೆಲೆಯೂ ಇದೆ. 1975ರ ಜನವರಿಯಲ್ಲಿ ಹೊಸ ಕುಟುಂಬ ಕಾನೂನನ್ನು ಮಸೀದಿಯಲ್ಲಿ ವಿರೋಧಿಸಿದರೆಂದು ಬರ್ರೆಯ ಸರಕಾರ ಹತ್ತು ಮಂದಿ ಧಾರ್ಮಿಕ ವಿದ್ವಾಂಸರನ್ನು ಗುಂಡಿಟ್ಟು ಕೊಂದಿತು. ಆ ಗಾಯ ಮಾಯಲಿಲ್ಲ. ಒಂದು ಕೈಯಲ್ಲಿ ರಂಗಮಂದಿರ, ವಾದ್ಯತಂಡಗಳನ್ನು ಸಾಕಿ, ಇನ್ನೊಂದು ಕೈಯಲ್ಲಿ ಉಲೆಮಾಗಳನ್ನು ಕೊಂದ ಆಡಳಿತದಡಿ, ಹಾಡೂ ಆ ಆಡಳಿತದ ಅಂಗವೆಂದು ಕೆಲವರಿಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ಸರ್ವಾಧಿಕಾರಿ ತಾನು ಮುಟ್ಟಿದ್ದನ್ನೆಲ್ಲ ಹೀಗೆ ಮೈಲಿಗೆ ಮಾಡಿ ಹೋಗುತ್ತಾನೆ. ಆದರೆ ಹೋಟೆಲಿನಲ್ಲಿ ನುಡಿಸಿ ಬದುಕಿದ ದುರ್-ದುರ್‌ನ ಹುಡುಗರು ಉಲೆಮಾಗಳನ್ನು ಕೊಲ್ಲಲಿಲ್ಲ. ಅವರು ಹಾಡಿದ್ದು ಹೆಚ್ಚಾಗಿ ಪ್ರೀತಿ, ವಿರಹ, ಮುನಿಸು.

ಮೊಗದಿಶುವಿನ ರಂಗಮಂದಿರದ ಬಾಗಿಲು 2012ರ ಮಾರ್ಚಿನಲ್ಲಿ ಮತ್ತೆ ತೆರೆಯಿತು. ಸುಮಾರು ಎರಡು ವಾರಗಳ ಬಳಿಕ ಆತ್ಮಾಹುತಿ ಬಾಂಬು ಸಿಡಿದು ದೇಶದ ಒಲಿಂಪಿಕ್ ಸಮಿತಿ ಹಾಗೂ ಫುಟ್‌ಬಾಲ್ ಸಂಘದ ಮುಖ್ಯಸ್ಥರು ಸತ್ತರು. 2021ರಲ್ಲಿ ಮತ್ತೊಮ್ಮೆ ತೆರೆದು ಸಿನಿಮಾ ತೋರಿಸಿದರು. ರೇಡಿಯೋ ಮೊಗದಿಶುವಿನ ಸಂಗ್ರಹ ಸಿಬ್ಬಂದಿಯ ಕಾವಲಿನಲ್ಲಿ ಯುದ್ಧವನ್ನೆಲ್ಲ ದಾಟಿ ಉಳಿದಿತ್ತು. 2013ರಿಂದ ಅದನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಆರಂಭವಾಯಿತು. ಲಂಡನ್ನಿನಲ್ಲಿ ನೆಲೆಸಿದ ಹಳೆಯ ಸಂಗೀತಗಾರರು ಒಟ್ಟುಗೂಡಿ ದುರ್-ದುರ್ ಹೆಸರಿನಲ್ಲಿ ಮತ್ತೆ ನುಡಿಸತೊಡಗಿದರು. ಬರ್ಲಿನ್ನಿನಲ್ಲಿ ಅವರು ಧ್ವನಿಮುದ್ರಿಸಿದ ಹಾಡುಗಳು 2023ರಲ್ಲಿ ಬಂದವು. ಅವುಗಳಲ್ಲಿ ಗಾಳಿಸದ್ದಿಲ್ಲ.

ಕ್ಯಾಸೆಟ್ಟುಗಳದ್ದು ಇನ್ನೂ ಮುಗಿಯದ ಕೆಲಸ. ಕಂದು ಬಣ್ಣದ ಆ ತೆಳು ಪಟ್ಟಿಗೆ ಬಳಿದ ಕಬ್ಬಿಣದ ಪುಡಿ ವರ್ಷ ಕಳೆದಂತೆ ಉದುರುತ್ತದೆ. ಬಿಸಿಲೂ ಧೂಳೂ ಜಾಸ್ತಿಯಿರುವ ಊರುಗಳಲ್ಲಿ ಇನ್ನೂ ಬೇಗ. ಅದಕ್ಕಿಂತ ದೊಡ್ಡ ತೊಡಕು ಮೇಲಿನ ಚೀಟಿಗಳದ್ದು. ನಕಲು ಮಾಡಿದವರು ಹಾಡಿದವರ ಹೆಸರು ಬರೆದದ್ದು ಕಡಿಮೆ; ಎಲ್ಲರಿಗೂ ಗೊತ್ತೇ ಇತ್ತಲ್ಲ, ಬರೆಯುವುದೇಕೆ? ಈಗ ಧ್ವನಿ ಕೇಳಿದರೆ ಇದು ಇಂಥವರದ್ದು ಎಂದು ಹೇಳಬಲ್ಲವರು ಆ ಕಾಲದ ಕೇಳುಗರು ಮಾತ್ರ. ಅವರಲ್ಲಿ ಕಿರಿಯರಿಗೂ ಐವತ್ತು ದಾಟಿದೆ.