ಗಂಧದ ಮರ ಯಾರದು?



ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ, ಒಂದು ಕಾಲಕ್ಕೆ ನಮ್ಮ ಬದುಗಳ ಮೇಲೆ ತಾನಾಗಿ ಬೆಳೆಯುತ್ತಿದ್ದ ಶ್ರೀಗಂಧದ ಇತಿಹಾಸವನ್ನು ತಮ್ಮ ಮುಂದಿಡುತ್ತಿದ್ದೇವೆ.

1792ರಲ್ಲಿ ಟಿಪ್ಪು ಸುಲ್ತಾನರು ಇದನ್ನು ರಾಜವೃಕ್ಷವೆಂದು ಸಾರಿದರು. ಮುಂದೆ ಮೈಸೂರು ಅರಸರ ಕಾಲದಲ್ಲೂ ಅದೇ ಪದ್ಧತಿ ನಡೆಯಿತು. ಮೊದಲ ಮಹಾಯುದ್ಧದಿಂದ ಗಂಧದ ರಫ್ತು ನಿಂತಾಗ, 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಗಂಧದೆಣ್ಣೆ ಕಾರ್ಖಾನೆ ತೆರೆದರು. ನಾಡಿಗೆ ಹೆಸರೂ ಬಂತು, ಹಣವೂ ಬಂತು. ಮರ ಮಾತ್ರ ರೈತನದಾಗಲಿಲ್ಲ. 1963ರ ಅರಣ್ಯ ಕಾಯಿದೆಯೂ ಅದನ್ನು ಸರ್ಕಾರದ ಸ್ವತ್ತಾಗಿಯೇ ಇಟ್ಟಿತು.

ಹೊಲ ನಮ್ಮದು, ಕಾಯುವ ಹೊಣೆ ನಮ್ಮದು, ಮರ ಸರ್ಕಾರದ್ದು! ಬೋನಸ್ ಅಂತ ಒಂದು ಪಾಲು ಸಿಗುತ್ತಿತ್ತು, ನಿಜ. ಆದರೆ ಮರ ಕಳುವಾದರೆ ವಿಚಾರಣೆಯ ಭಯ ಹೊಲದ ಯಜಮಾನನಿಗೇ. ನಾವು ಹುಡುಗರಾಗಿದ್ದಾಗ ಬೇಲಿಯಲ್ಲಿ ಗಂಧದ ಸಸಿ ಕಂಡರೆ ನಮ್ಮ ತಂದೆಯವರು, "ಕಿತ್ತಾಕ್ರೋ, ನಾಳೆ ತಲೆನೋವು" ಅನ್ನೋರು. ನಾವೂ ಕಿತ್ತಿದ್ದೇವೆ. ಮರ ಉಳಿಸೋಕೆ ಮಾಡಿದ ಕಾನೂನೇ ಸಸಿಗೆ ಮುಳುವಾಯಿತು. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಸ್ಪೈಕ್ ರೋಗ, ಆಮೇಲೆ ಕಾಡುಗಳ್ಳರ ಹಾವಳಿ, ಎಲ್ಲ ಸೇರಿ ಗಂಧದ ನಾಡಿನಲ್ಲೇ ಗಂಧ ಅಪರೂಪವಾಯಿತು.

ಕೊನೆಗೆ 2001ರಲ್ಲಿ ಕಾಯಿದೆಗೆ ತಿದ್ದುಪಡಿ ಬಂದು, ಜಮೀನಿನ ಗಂಧ ಜಮೀನಿನ ಒಡೆಯನದೇ ಆಯಿತು. ಆ ಹೊತ್ತಿಗಾಗಲೇ ದೂರದ ಆಸ್ಟ್ರೇಲಿಯಾದಲ್ಲಿ ನಮ್ಮ ಇದೇ ಗಂಧವನ್ನು ತೋಟ ಮಾಡಿ ಬೆಳೆಯತೊಡಗಿದ್ದರು. ನಮ್ಮಲ್ಲೂ ರೈತರು ಅಲ್ಲಿಂದೀಚೆಗೆ ಸಸಿ ಕೊಂಡು ತಂದು, ಆಸರೆಗೆ ತೊಗರಿ ಹಾಕಿ ನೆಡುತ್ತಿದ್ದಾರೆ. ಕಿತ್ತ ಕೈಯೇ ಈಗ ನೀರು ಹಾಕುತ್ತಿದೆ.

ಕಾನೂನೇ ಬೇಡವೆಂದು ನಮ್ಮ ವಾದವಲ್ಲ. ಸರ್ಕಾರಿ ಕಾಡಿಗೆ ಕಾವಲು ಬೇಕು, ಕಳ್ಳನಿಗೆ ಶಿಕ್ಷೆಯೂ ಬೇಕು. ಆದರೆ 2001ರ ತಿದ್ದುಪಡಿ ಮರ ಕೊಟ್ಟಿತೇ ಹೊರತು ಇಷ್ಟ ಬಂದವರಿಗೆ ಮಾರುವ ಸ್ವಾತಂತ್ರ್ಯ ಕೊಡಲಿಲ್ಲ. ಬೆಳೆದವನಿಗೆ ಪೇಟೆಯ ಪೂರ್ತಿ ಬೆಲೆ ಸಿಕ್ಕರೆ ಅವನಿಗಿಂತ ಒಳ್ಳೆಯ ಕಾವಲುಗಾರ ಬೇರೆ ಯಾರು?

ನಮ್ಮ ಸಂಘ ಇಪ್ಪತ್ತೈದು ವರ್ಷ ಬಾಳಿದ್ದೂ ಇದರಿಂದಲೇ. ಷೇರು ಹಾಕಿದ ಪ್ರತಿಯೊಬ್ಬರೂ "ಇದು ನಮ್ಮದು" ಅಂದುಕೊಂಡರು. ಸದಸ್ಯರು ಬದುವಿಗೆ ಎರಡೆರಡು ಗಂಧದ ಸಸಿ ನೆಟ್ಟು, ಪಹಣಿಯಲ್ಲಿ ತಪ್ಪದೆ ಬರೆಸಬೇಕೆಂದು ನಮ್ಮ ಕೋರಿಕೆ.

ಜೈ ಸಹಕಾರ!