ಕುಂದಾ ಡಬ್ಬಿ ಕಂಡರೆ ಬ್ಯಾಗ್ ಯಾಕೆ ತೆಗೆಸುತ್ತಾರೆ? ವಿಮಾನ, ಕ್ರೂಸ್ ಹಡಗಿನ ಕೈಚೀಲ ತಪಾಸಣೆಯ ಸತ್ಯ-ಮಿಥ್ಯ

ಬೆಳಗಾವಿಯವರು ದೂರದ ಊರಿಗೆ ಹೊರಟರೆ ಚೀಲದಲ್ಲಿ ಕುಂದಾ ಇರಲೇಬೇಕು. ಬೆಂಗಳೂರಿನ ಮಗಳಿಗೆ ಒಂದು ಡಬ್ಬಿ, ಅವಳ ಅತ್ತೆ ಮನೆಗೆ ಇನ್ನೊಂದು. ಜೊತೆಗೆ ಗೋಕಾಕದ ಕರದಂಟು, ಮನೆಯ ಉಪ್ಪಿನಕಾಯಿ. ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಈ ಚೀಲ ಎಕ್ಸ್-ರೇ ಯಂತ್ರದೊಳಗೆ ಹೋಗುತ್ತದೆ. ಹೊರಬರುವಾಗ ಸಿಬ್ಬಂದಿ ಅದನ್ನು ಪಕ್ಕಕ್ಕೆ ಸರಿಸಿ, "ಈ ಬ್ಯಾಗ್ ಯಾರದು? ಸ್ವಲ್ಪ ತೆಗೆಯಿರಿ" ಎನ್ನುತ್ತಾರೆ. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿರುವಾಗ ಮೊದಲ ಸಲ ವಿಮಾನ ಹತ್ತುವ ಹಿರಿಯರಿಗೆ ಎದೆ ಧಸಕ್ಕೆನ್ನುವುದು ಸಹಜ.

ಈ ಭಯದ ಮೇಲೆಯೇ ಬಗೆಬಗೆಯ ಫಾರ್ವರ್ಡ್ ಸಂದೇಶಗಳು ಬೆಳೆಯುತ್ತವೆ. ಎಕ್ಸ್-ರೇ ಹಾಯ್ದ ತಿಂಡಿ ತಿನ್ನಬಾರದು, ಇನ್ಸುಲಿನ್ ಕೆಟ್ಟುಹೋಗುತ್ತದೆ, ಪವರ್ ಬ್ಯಾಂಕ್ ಕಂಡರೆ ಕಿತ್ತುಕೊಳ್ಳುತ್ತಾರೆ, ಆದ್ದರಿಂದ ದೊಡ್ಡ ಲಗೇಜಿಗೆ ಹಾಕಿ ಎಂಬಂಥವು. ಇವುಗಳಲ್ಲಿ ಕೆಲವು ಬರೀ ಸುಳ್ಳು. ಇನ್ನು ಕೆಲವನ್ನು ನಂಬಿ ನಡೆದರೆ ಜೀವಕ್ಕೇ ಅಪಾಯ. ಒಂದೊಂದಾಗಿ ನೋಡೋಣ.

ಬ್ಯಾಗ್ ತೆಗೆಸಿದರೆ ನಮ್ಮ ಮೇಲೆ ಅನುಮಾನ ಬಂದಂತೆಯೇ?

ಅಲ್ಲ. ಯಂತ್ರದ ಚಿತ್ರದಲ್ಲಿ ಏನೋ ಸ್ಪಷ್ಟವಾಗಿ ಕಾಣಲಿಲ್ಲ ಎಂದಷ್ಟೇ ಅರ್ಥ.

ಬ್ಯಾಗ್ ತಪಾಸಣೆಯ ಎಕ್ಸ್-ರೇ ಯಂತ್ರ ಎರಡು ಬೇರೆ ಬೇರೆ ಶಕ್ತಿಮಟ್ಟದ ಕಿರಣಗಳ ಲೆಕ್ಕದಿಂದ ವಸ್ತು ಯಾವ ಜಾತಿಯದು ಎಂದು ಅಂದಾಜು ಮಾಡಿ, ಅದಕ್ಕೆ ಬಣ್ಣ ಕೊಡುತ್ತದೆ. ಕಬ್ಬಿಣ, ಉಕ್ಕಿನಂಥ ಲೋಹ ನೀಲಿಯಾಗಿ ಕಾಣುತ್ತದೆ. ಆಹಾರ, ಬಟ್ಟೆ, ಕಾಗದ, ಸಾಬೂನು, ಪ್ಲಾಸ್ಟಿಕ್ ಮುಂತಾದ ಇಂಗಾಲಯುಕ್ತ ವಸ್ತುಗಳು ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ. ಇವೆರಡರ ನಡುವಿನ ವಸ್ತುಗಳು, ಒಂದರ ಮೇಲೊಂದು ಬಂದ ವಸ್ತುಗಳು ಹಸಿರಾಗಿ ಕಾಣುತ್ತವೆ.

ತೊಡಕು ಇರುವುದು ಕಿತ್ತಳೆ ಬಣ್ಣದಲ್ಲಿ. ಬಹುತೇಕ ಸ್ಫೋಟಕಗಳೂ ಇಂಗಾಲಯುಕ್ತ, ದಟ್ಟವಾದ ವಸ್ತುಗಳೇ. ಹಾಲನ್ನು ಕಾಯಿಸಿ ಗಟ್ಟಿ ಮಾಡಿದ ಒಂದು ಕಿಲೋ ಕುಂದಾ, ಒತ್ತಿ ಕಟ್ಟಿದ ಕರದಂಟು, ಬೆಲ್ಲದ ಅಚ್ಚು, ದಪ್ಪ ಪುಸ್ತಕಗಳ ಕಟ್ಟು ಇವೆಲ್ಲ ಪರದೆಯ ಮೇಲೆ ಗಾಢ ಕಿತ್ತಳೆ ಗಡ್ಡೆಗಳಾಗಿ ಕಾಣುತ್ತವೆ. ಅದರ ಮೇಲೆಯೇ ಚಾರ್ಜರ್ ವೈರು ಸುತ್ತಿಟ್ಟಿದ್ದರಂತೂ ನೋಡುವವರು ಬ್ಯಾಗ್ ತೆಗೆಸದೆ ಬಿಡುವಂತಿಲ್ಲ. ಕುಂದಾಕ್ಕೆ ನಿಷೇಧವಿಲ್ಲ, ಆ ಗಡ್ಡೆ ಕುಂದಾವೇ ಎಂದು ಖಚಿತ ಮಾಡಿಕೊಳ್ಳಬೇಕು, ಅಷ್ಟೇ.

ಕೆಲವೊಮ್ಮೆ ಸಿಬ್ಬಂದಿ ಸಣ್ಣ ಪಟ್ಟಿಯೊಂದನ್ನು ಬ್ಯಾಗಿಗೆ ಅಥವಾ ಕೈಗೆ ಒರೆಸಿ ಯಂತ್ರಕ್ಕೆ ಹಾಕುತ್ತಾರೆ. ಅದು ಸ್ಫೋಟಕದ ಅತಿಸೂಕ್ಷ್ಮ ಕಣಗಳನ್ನು ಹುಡುಕುವ ಪರೀಕ್ಷೆ. ಗ್ಲಿಸರಿನ್ ಇರುವ ಕ್ರೀಮು, ನೈಟ್ರೇಟ್ ಇರುವ ಗೊಬ್ಬರದ ಪುಡಿ ತಾಗಿದ್ದರೂ ಒಮ್ಮೊಮ್ಮೆ ಯಂತ್ರ ಕೂಗಬಹುದು. ಬೆಳಿಗ್ಗೆ ಖಾನಾಪುರದ ಗದ್ದೆಗೆ ಗೊಬ್ಬರ ಹಾಕಿ ಮಧ್ಯಾಹ್ನ ವಿಮಾನ ಹಿಡಿಯುವವರು ಗಾಬರಿಯಾಗಬೇಕಿಲ್ಲ. ಇದ್ದದ್ದು ಇದ್ದಂತೆ ಹೇಳಿ, ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಚೀಲ ಗೊಬ್ಬರದ ಕೋಣೆಯಲ್ಲಿಟ್ಟದ್ದು ಆಗದಿರಲಿ.

ಎಕ್ಸ್-ರೇ ಹಾಯ್ದ ತಿಂಡಿ, ಔಷಧ ಕೆಡುತ್ತವೆಯೇ?

ಇಲ್ಲ. ಎಕ್ಸ್-ರೇ ಎಂಬುದು ಬೆಳಕಿನಂಥದ್ದೇ ಒಂದು ಕಿರಣ. ಹಾಯ್ದುಹೋದ ಮೇಲೆ ವಸ್ತುವಿನಲ್ಲಿ ಅದು ಉಳಿಯುವುದಿಲ್ಲ. ಟಾರ್ಚ್ ಬಿಟ್ಟ ಗೋಡೆ ಟಾರ್ಚ್ ಆರಿದ ಮೇಲೆ ಹೊಳೆಯುವುದಿಲ್ಲವಲ್ಲ, ಹಾಗೆ. ಬ್ಯಾಗಿನಲ್ಲಿರುವ ವಸ್ತುವಿಗೆ ತಾಗುವ ಪ್ರಮಾಣ ಸಾಮಾನ್ಯವಾಗಿ 1 ಮಿಲಿರ್ಯಾಡ್ ಅಥವಾ ಅದಕ್ಕೂ ಕಡಿಮೆ. ನೆಲ, ಗಾಳಿ, ಆಕಾಶದಿಂದ ನಮ್ಮೆಲ್ಲರ ಮೈಗೆ ಸಹಜವಾಗಿಯೇ ಒಂದೆರಡು ದಿನಗಳಲ್ಲಿ ತಾಗುವ ವಿಕಿರಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಇನ್ಸುಲಿನ್‌ಗೂ ಇದೇ ಮಾತು. ತಪಾಸಣೆಯ ಎಕ್ಸ್-ರೇಯಿಂದ ಅದು ಕೆಡುವುದಿಲ್ಲ. ಅದನ್ನು ಕೆಡಿಸುವುದು ಹಿಮದಂಥ ಚಳಿ ಮತ್ತು ಅತಿಯಾದ ಬಿಸಿ. ಸಂದೇಶ ನಂಬಿ ಚೆಕ್-ಇನ್ ಲಗೇಜಿಗೆ, ಅಂದರೆ ಕೌಂಟರ್‌ನಲ್ಲಿ ಕೊಟ್ಟು ವಿಮಾನದ ಕೆಳಭಾಗದಲ್ಲಿ ಹೋಗುವ ಬ್ಯಾಗಿಗೆ ಇನ್ಸುಲಿನ್ ಹಾಕಿದರೆ ಎರಡು ಕಷ್ಟ. ಅಲ್ಲಿನ ಚಳಿಗೆ ಅದು ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸಲು ಯೋಗ್ಯವಲ್ಲ. ಇನ್ನು ಲಗೇಜು ಬೇರೆ ಊರಿಗೆ ಹೋದರೆ ಔಷಧವೇ ಇಲ್ಲ. ಆದ್ದರಿಂದ ಇನ್ಸುಲಿನ್, ಬಿ.ಪಿ., ಹೃದಯದ ಮಾತ್ರೆಗಳು ಯಾವಾಗಲೂ ಕೈಚೀಲದಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿ ಇರಲಿ. ಮೈಗೆ ಅಂಟಿಸಿಕೊಳ್ಳುವ ಸಕ್ಕರೆ ಸೆನ್ಸರ್ ಅಥವಾ ಇನ್ಸುಲಿನ್ ಪಂಪ್ ಇದ್ದವರು ಮಾತ್ರ ಅದರ ಕೈಪಿಡಿ ನೋಡಬೇಕು. ಕೆಲವು ಉಪಕರಣಗಳನ್ನು ಎಕ್ಸ್-ರೇಗೆ ಹಾಕಬಾರದು ಎಂದು ತಯಾರಕರೇ ಹೇಳುತ್ತಾರೆ.

ನಾವು ನಡೆದುಹೋಗುವ ಬಾಗಿಲು ಎಕ್ಸ್-ರೇ ಅಲ್ಲ. ಅದು ದುರ್ಬಲ ಕಾಂತಕ್ಷೇತ್ರದಿಂದ ಲೋಹ ಹುಡುಕುವ ಯಂತ್ರ. ಗರ್ಭಿಣಿಯರು ಹೆದರಬೇಕಿಲ್ಲ. ಪೇಸ್‌ಮೇಕರ್ ಇದ್ದವರು ಮೊದಲೇ ಕಾರ್ಡ್ ತೋರಿಸಿದರೆ ಕೈಯಿಂದ ತಪಾಸಣೆ ಮಾಡುತ್ತಾರೆ. ಮಹಿಳೆಯರ ತಪಾಸಣೆಯನ್ನು ಮಹಿಳಾ ಸಿಬ್ಬಂದಿಯೇ, ಮರೆಯಿರುವ ಜಾಗದಲ್ಲಿ ಮಾಡುತ್ತಾರೆ.

ಪವರ್ ಬ್ಯಾಂಕ್ ಎಲ್ಲಿಡಬೇಕು?

ಕೈಚೀಲದಲ್ಲಿ. ಚೆಕ್-ಇನ್ ಲಗೇಜಿನಲ್ಲಿ ಎಂದೂ ಅಲ್ಲ. ಈ ಲೇಖನದಲ್ಲಿ ಒಂದೇ ಸಾಲು ಹಂಚುವುದಾದರೆ ಇದನ್ನೇ ಹಂಚಿ.

ಪವರ್ ಬ್ಯಾಂಕಿನಲ್ಲಿರುವುದು ಲಿಥಿಯಂ ಬ್ಯಾಟರಿ. ಒಳಗೆ ಶಾರ್ಟ್ ಆದರೆ ಅದು ತಾನೇ ಬಿಸಿಯಾಗುತ್ತ ಹೋಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಜನರಿರುವ ಕಡೆ ಹೊತ್ತಿದರೆ ಕೂಡಲೇ ಕಾಣುತ್ತದೆ, ಸಿಬ್ಬಂದಿ ನೀರು ಹಾಕಿ ತಣಿಸಬಹುದು. ಕೆಳಗಿನ ಲಗೇಜಿನ ರಾಶಿಯಲ್ಲಿ ಹೊತ್ತಿದರೆ ಆಕಾಶದಲ್ಲಿ ಅಲ್ಲಿಗೆ ಹೋಗಿ ಆರಿಸಲಾಗದು. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಏರ್ ಬುಸಾನ್ ವಿಮಾನವೊಂದು ಹೊರಡುವ ಮೊದಲೇ ಬೆಂಕಿಗೆ ಆಹುತಿಯಾಯಿತು. ಬೆಂಕಿ ಕಾಣಿಸಿದ್ದು ಸೀಟಿನ ಮೇಲಿನ ಲಗೇಜ್ ಗೂಡಿನಲ್ಲಿ; ಪವರ್ ಬ್ಯಾಂಕ್ ಕಾರಣವಿರಬಹುದು ಎಂದು ತನಿಖೆ ಹೇಳಿತು. ವಿಮಾನ ನೆಲದ ಮೇಲಿದ್ದುದರಿಂದ ಒಳಗಿದ್ದ 176 ಜನರೂ ಹೊರಬಂದರು. ಆದ್ದರಿಂದ ಗೂಡಿಗಿಂತ ನಿಮ್ಮ ಕಣ್ಣಿಗೆ ಬೀಳುವ ಜಾಗವೇ ಒಳ್ಳೆಯದು.

100 ವ್ಯಾಟ್-ಅವರ್ ಒಳಗಿನ ಪವರ್ ಬ್ಯಾಂಕ್ ಒಯ್ಯಲು ಅಡ್ಡಿಯಿಲ್ಲ. ಅಂಗಡಿಯಲ್ಲಿ ಸಿಗುವ 20,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್-ಅವರ್ ಇರುತ್ತದೆ. 100ರಿಂದ 160ರವರೆಗಿನದಕ್ಕೆ ವಿಮಾನ ಕಂಪನಿಯ ಅನುಮತಿ ಬೇಕು. ಉಬ್ಬಿದ, ನೀರಿಗೆ ಬಿದ್ದ, ಅಳತೆಯ ಅಕ್ಷರಗಳು ಅಳಿಸಿಹೋದ ಪವರ್ ಬ್ಯಾಂಕನ್ನು ಮನೆಯಲ್ಲೇ ಬಿಡಿ.

ತೆಂಗಿನಕಾಯಿ, ಉಪ್ಪಿನಕಾಯಿ, ಕರ್ಪೂರ?

ತೆಂಗಿನಕಾಯಿಯನ್ನು ಕೈಚೀಲದಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ಇದರಲ್ಲಿ ಧರ್ಮದ ಮಾತಿಲ್ಲ. ಒಣ ಕೊಬ್ಬರಿಯಲ್ಲಿ ಎಣ್ಣೆ ತುಂಬಿರುವುದರಿಂದ ಅದು ಬೇಗ ಹೊತ್ತಿಕೊಳ್ಳುವ ವಸ್ತು. ಶಬರಿಮಲೆ ಯಾತ್ರಿಕರ ಇರುಮುಡಿಗೆ ಮಾತ್ರ 2024ರ ಅಕ್ಟೋಬರ್‌ನಲ್ಲಿ ವಿಮಾನಯಾನ ಸಚಿವಾಲಯ ವಿನಾಯಿತಿ ಕೊಟ್ಟಿತು. ಅದೂ 2025ರ ಜನವರಿ 20ರವರೆಗೆ, ಎಲ್ಲ ತಪಾಸಣೆ ಮುಗಿದ ಮೇಲೆ. ಇಂಥ ವಿನಾಯಿತಿಗೆ ಅವಧಿ ಇರುತ್ತದೆ. ಹಳೆಯ ವರ್ಷದ ಸಂದೇಶವನ್ನು ಈ ವರ್ಷ ಫಾರ್ವರ್ಡ್ ಮಾಡಿದರೆ ಮಾಲಾಧಾರಿಯೊಬ್ಬರು ಬಾಗಿಲಲ್ಲಿ ಪೇಚಿಗೆ ಸಿಲುಕುತ್ತಾರೆ.

ಮೆಣಸಿನಕಾಯಿ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ತುಪ್ಪ, ಎಣ್ಣೆ ಜಿನುಗುವ ಬೇರೆ ಪದಾರ್ಥಗಳನ್ನೂ ಗಟ್ಟಿಯಾಗಿ ಮುಚ್ಚಿ ಚೆಕ್-ಇನ್ ಲಗೇಜಿಗೆ ಹಾಕುವುದು ಲೇಸು. ಪೂಜೆಯ ಚೀಲದಲ್ಲಿ ಮರೆತುಹೋಗುವ ಕರ್ಪೂರ, ಬೆಂಕಿಪೆಟ್ಟಿಗೆ, ಲೈಟರ್ ಮೊದಲೇ ತೆಗೆದಿಡಿ. ಹೊರದೇಶಕ್ಕೆ ಹೋಗುವ ವಿಮಾನದಲ್ಲಿ ಕೈಚೀಲದ ದ್ರವ ಪದಾರ್ಥಗಳು ತಲಾ 100 ಎಂಎಲ್ ಮೀರುವಂತಿಲ್ಲ. ಔಷಧ, ಮಗುವಿನ ಹಾಲಿಗೆ ವಿನಾಯಿತಿ ಇದೆ.

ಆಟಿಕೆ ಪಿಸ್ತೂಲಿಗೂ ಇಷ್ಟು ಕಟ್ಟುನಿಟ್ಟೇ?

ಹೌದು. ಅದಕ್ಕೆ ಹಳೆಯ ಕಾರಣವಿದೆ. 1971ರ ಜನವರಿ 30ರಂದು ಶ್ರೀನಗರದಿಂದ ಹೊರಟ ಇಂಡಿಯನ್ ಏರ್‌ಲೈನ್ಸ್‌ನ 'ಗಂಗಾ' ವಿಮಾನವನ್ನು ಇಬ್ಬರು ಯುವಕರು ಲಾಹೋರಿಗೆ ಅಪಹರಿಸಿದರು. ಅವರ ಕೈಯಲ್ಲಿದ್ದ ಪಿಸ್ತೂಲೂ ಗ್ರೆನೇಡೂ ನಕಲಿ. 1976ರಲ್ಲಿ ಮತ್ತೊಂದು ಅಪಹರಣವಾದ ಬಳಿಕ, 1978ರಲ್ಲಿ ವಿಮಾನಯಾನ ಭದ್ರತೆಗೆಂದೇ ಒಂದು ಘಟಕ ಹುಟ್ಟಿತು. ಅದೇ ಇಂದಿನ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ. ಕೈಚೀಲದ ನಿಯಮಗಳನ್ನು ಮಾಡುವುದು ಇದೇ ಸಂಸ್ಥೆ.

1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬ್ ಇದ್ದ ಸೂಟ್‌ಕೇಸಿನ ಒಡೆಯ ವಿಮಾನ ಹತ್ತಿರಲೇ ಇಲ್ಲ. "ಈ ಬ್ಯಾಗನ್ನು ನೀವೇ ಕಟ್ಟಿದ್ದೀರಾ?" ಎಂಬ ಪ್ರಶ್ನೆಯ ಹಿಂದಿರುವುದು ಇಂಥ ಅನುಭವ. "ಕಾಕಾ, ಇದೊಂದು ಪಾರ್ಸಲ್ ಒಯ್ಯಿರಿ, ಅಲ್ಲಿ ನಮ್ಮವರು ಬಂದು ತಗೋತಾರೆ" ಎಂದು ಗುರುತಿಲ್ಲದವರು ಕೊಟ್ಟರೆ ಬೇಡವೆನ್ನಿ. ಒಳಗೆ ಮಾದಕ ವಸ್ತು ಸಿಕ್ಕರೆ ಮೊದಲು ಸಿಕ್ಕಿಬೀಳುವುದು ಚೀಲ ಹಿಡಿದವರು.

ಬೆಳೆ ರಕ್ಷಣೆಗೆ ಬಂದೂಕಿನ ಪರವಾನಗಿ ಇರುವ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ತೋಟಕ್ಕೆ ಒಯ್ಯುವ ಚೀಲವನ್ನೇ ಪ್ರಯಾಣಕ್ಕೂ ತಂದು, ಮೂಲೆಯಲ್ಲಿ ಮರೆತ ಒಂದು ತೋಟಾ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು. ಹೊರಡುವ ಮುನ್ನ ಚೀಲವನ್ನು ತಲೆಕೆಳಗು ಮಾಡಿ ಕೊಡವಿ. ತಪಾಸಣೆಯಲ್ಲಿ ಬಾಂಬ್ ಎಂದು ತಮಾಷೆ ಮಾಡುವುದೂ ಬೇಡ. ಅಲ್ಲಿ ಆ ಮಾತನ್ನು ಯಾರೂ ತಮಾಷೆಯಾಗಿ ತೆಗೆದುಕೊಳ್ಳುವುದಿಲ್ಲ.

ಕ್ರೂಸ್ ಹಡಗಿನಲ್ಲಿ ತಪಾಸಣೆ ಸಡಿಲವೇ?

ಬೆಳಗಾವಿ, ಖಾನಾಪುರಕ್ಕೆ ಸಮುದ್ರ ದೂರವಲ್ಲ. ಗೋವಾದ ಮರ್ಮಗೋವಾ ಬಂದರು ನೆರೆಯಲ್ಲೇ ಇದೆ. ಗೋವಾ ಅಥವಾ ಮುಂಬೈಯಿಂದ ಕ್ರೂಸ್ ಹಡಗು ಹತ್ತುವವರು "ಹಡಗಿನಲ್ಲಿ ಏನೂ ನೋಡುವುದಿಲ್ಲ" ಎಂಬ ಮಾತು ಕೇಳಿರಬಹುದು. ಅದು ಸುಳ್ಳು. ಅಂತರರಾಷ್ಟ್ರೀಯ ಹಡಗು ಮತ್ತು ಬಂದರುಗಳ ಭದ್ರತಾ ಸಂಹಿತೆ 2004ರ ಜುಲೈ 1ರಿಂದ ಜಾರಿಯಲ್ಲಿದೆ. ಹತ್ತುವಾಗ ಕೈಚೀಲವೂ ದೊಡ್ಡ ಲಗೇಜೂ ಎಕ್ಸ್-ರೇ ಹಾಯಬೇಕು. ನಡುವೆ ಯಾವುದಾದರೂ ಬಂದರಿನಲ್ಲಿ ಇಳಿದು ತಿರುಗಾಡಿ ಬಂದರೆ, ಮರಳಿ ಹತ್ತುವಾಗ ಮತ್ತೊಮ್ಮೆ.

ಹುಡುಕುವ ವಸ್ತುಗಳು ಮಾತ್ರ ಸ್ವಲ್ಪ ಬೇರೆ. ನಡುಸಮುದ್ರದಲ್ಲಿ ಹಡಗಿನವರ ದೊಡ್ಡ ಹೆದರಿಕೆ ಬೆಂಕಿ. ಆದ್ದರಿಂದ ವಿಮಾನದ ಲಗೇಜಿನಲ್ಲಿ ಹೋಗುವ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಸಣ್ಣ ವಿದ್ಯುತ್ ಒಲೆಯಂಥವನ್ನು ಹಡಗಿನಲ್ಲಿ ತೆಗೆದಿಡುತ್ತಾರೆ. ಕೋಣೆಯಲ್ಲಿ ಮೇಣದಬತ್ತಿ, ಊದಿನಕಡ್ಡಿ ಹಚ್ಚುವಂತಿಲ್ಲ. ಬಂದರಿನಲ್ಲಿ ಕೊಂಡ ಮದ್ಯವನ್ನು ಹಲವು ಹಡಗುಗಳಲ್ಲಿ ಸಿಬ್ಬಂದಿ ಪಡೆದಿಟ್ಟುಕೊಂಡು ಇಳಿಯುವ ದಿನ ಮರಳಿಸುತ್ತಾರೆ. ದೊಡ್ಡ ಲಗೇಜು ಕೋಣೆಗೆ ಬರಲು ಕೆಲವು ಗಂಟೆ ಹಿಡಿಯಬಹುದು. ಹಾಗಾಗಿ ಗುರುತಿನ ಚೀಟಿ, ಔಷಧ, ಮಕ್ಕಳ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಬ್ಯಾಗ್ ಹೀಗೆ ಕಟ್ಟಿ

- ಕುಂದಾ, ಕರದಂಟಿನ ಡಬ್ಬಿಗಳನ್ನು ಚೀಲದ ಮೇಲ್ಭಾಗದಲ್ಲಿಡಿ. ತೆಗೆದು ತೋರಿಸಲು ಸುಲಭ.
- ಡಬ್ಬಿಯ ಮೇಲೆ ವೈರು, ಚಾರ್ಜರ್ ಇಡಬೇಡಿ. ಅವಕ್ಕೆ ಬೇರೆ ಸಣ್ಣ ಚೀಲ ಮಾಡಿ.
- ಫೋನ್, ಲ್ಯಾಪ್‌ಟಾಪ್, ಪವರ್ ಬ್ಯಾಂಕನ್ನು ಸಿಬ್ಬಂದಿ ಹೇಳಿದಂತೆ ಟ್ರೇಯಲ್ಲಿ ಹಾಕಿ.
- ಔಷಧ ಮತ್ತು ವೈದ್ಯರ ಚೀಟಿ ಒಂದೇ ಕಡೆ ಇರಲಿ.
- ಬ್ಯಾಗ್ ತೆರೆಯುವಾಗ ನೀವು ಎದುರಿಗೇ ಇರಿ. ಕೇಳಿದ್ದಕ್ಕೆ ನೇರ ಉತ್ತರ ಕೊಡಿ.

ಸಾರಾಂಶ

ಬ್ಯಾಗ್ ತೆಗೆಸುವುದು ಅವಮಾನವಲ್ಲ, ಆರೋಪವೂ ಅಲ್ಲ. ಕುಂದಾ ಡಬ್ಬಿ ತಪಾಸಣೆಯಲ್ಲಿ ಎರಡು ನಿಮಿಷ ತಡವಾದರೆ ಏನೂ ಹೋಗುವುದಿಲ್ಲ. ಆದರೆ ತಪ್ಪು ಸಂದೇಶ ನಂಬಿ ಲಗೇಜಿಗೆ ಹಾಕಿದ ಪವರ್ ಬ್ಯಾಂಕ್ ಇಡೀ ವಿಮಾನಕ್ಕೆ ಕುತ್ತು ತರಬಹುದು, ಇನ್ಸುಲಿನ್ ಇಲ್ಲದೆ ಮನೆಯ ಹಿರಿಯರೊಬ್ಬರು ಪರದಾಡಬಹುದು. ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ಮುನ್ನ ನಿಮ್ಮ ವಿಮಾನ ಅಥವಾ ಹಡಗು ಕಂಪನಿಯ ಪಟ್ಟಿಯನ್ನೇ ನೋಡಿ. ಫಾರ್ವರ್ಡ್ ಒತ್ತುವ ಮುನ್ನ ಆ ಸಂದೇಶದಲ್ಲಿ ದಿನಾಂಕ ಇದೆಯೇ, ಯಾರು ಹೇಳಿದ್ದು ಎಂದಿದೆಯೇ ಎಂದು ಒಮ್ಮೆ ನೋಡಿ.