ಕಿವಿಯ ಪಾಠ

ಇಂಗ್ಲಿಷನ್ನು ಕಣ್ಣಿನಿಂದ ಕಲಿತವರು ನಮ್ಮಲ್ಲಿ ಬಹಳ. ಕಿವಿಯಿಂದ ಕಲಿತವರು ಕಡಮೆ. ಆರ್‌ಪಿಸಿ ಲೇಔಟಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಯೊಬ್ಬ ಇಂದು ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಕುರಿತ ಇಂಗ್ಲಿಷ್ ಪಾಠವನ್ನು ಮೊಬೈಲಿನಲ್ಲಿ ಕೇಳಿ ಪ್ರಶ್ನೆಗಳಿಗೆ ಉತ್ತರ ಬರೆಯಬಹುದು. ಪದ್ಧತಿ ಹೊಸದೆನಿಸಿದರೂ ಅದರ ಬೇರು ಹಳೆಯದು.

1895ರಲ್ಲಿಯೇ ಎಂ. ಎಲ್. ಶ್ರೀಕಂಠೇಶಗೌಡರು ಅದೇ ನಾಟಕವನ್ನು ‘ಪ್ರತಾಪರುದ್ರದೇವ’ ಎಂದು ಕನ್ನಡಕ್ಕೆ ತಂದಿದ್ದರು. ಇಂಗ್ಲಿಷ್ ಬಾರದವರಿಗೂ ಆ ಕಥೆಯ ಪರಿಚಯಕ್ಕೆ ದಾರಿಯಾಯಿತು. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ತೆರೆದರು. ಆಡುವವರ ಮುಖ ಕಾಣದೆ ಮಾತನ್ನು ಗ್ರಹಿಸುವ ಅಭ್ಯಾಸ ಇಲ್ಲಿನ ಕಿವಿಗಳಿಗೆ ಆಗತೊಡಗಿತು. 1943ರಲ್ಲಿ ಬಿಬಿಸಿ ಬಾನುಲಿಯ ಮೂಲಕವೇ ಇಂಗ್ಲಿಷ್ ಕಲಿಸಹೊರಟಿತು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು; ಶಾಲಾ ಉಪಾಧ್ಯಾಯರಿಗೆ ತರಬೇತು ಕೊಡುವ ಅದು ಈಗ ಈ ಲೇಔಟಿಗೆ ದೂರವಲ್ಲದ ಜ್ಞಾನಭಾರತಿಯಲ್ಲಿದೆ.

ಈ ಚರಿತ್ರೆಯಿಂದ ಕಲಿಯಬೇಕಾದುದು ಒಂದೇ. ಅರಿಯದ ಭಾಷೆಯಲ್ಲಿ ಅರಿಯದ ಕಥೆ ಕೇಳಿದರೆ ಕಿವಿ ಸೋಲುತ್ತದೆ. ಕಥೆ ಬಲ್ಲವನು ಹತ್ತು ಮಾತು ತಪ್ಪಿದರೂ ಹನ್ನೊಂದನೆಯದನ್ನು ಹಿಡಿಯುತ್ತಾನೆ. ಇಂಗ್ಲಿಷ್ ಕೇಳಿ ತಬ್ಬಿಬ್ಬಾಗುವ ಹುಡುಗನನ್ನು ದಡ್ಡನೆನ್ನುವ ಮೊದಲು, ನಾಟಕದ ಕಥೆಯನ್ನು ಅವನಿಗೆ ಕನ್ನಡದಲ್ಲೊಮ್ಮೆ ಹೇಳಿ ನೋಡೋಣ.